ಗಂಟಪ್ಪನೂ ತಲೆಕೆಳಗಾದ ಗೂಬೆಯೂ

ಮೂರಂತಸ್ತಿನ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಬೇರೆಯವರಾದರೆ ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗದಲ್ಲಿ, ಗಂಟಪ್ಪ ಬೀಗ ರಿಪೇರಿ ಮಾಡುವ, ಕೀ ಮಾಡಿಕೊಡುವ ಅಂಗಡಿ ಇಟ್ಟಿದ್ದ. ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಒಳಗೆ ಕೂತವನಿಗೆ ಸೀನು ಬಂದರೆ ಎದ್ದು ರಸ್ತೆಗೆ ಬಂದು ಸೀನಿ ಮತ್ತೆ ಒಳಗೆ ಹೋಗಬೇಕು. ಒಮ್ಮೆ ಮರೆತು ಒಳಗೇ ಸೀನಿದಾಗ ಗೋಡೆಗೆ ತೂಗುಬಿಟ್ಟಿದ್ದ ಕೀಗಳೆಲ್ಲ ಒಟ್ಟಿಗೆ ಝಲ್ಲೆಂದು, ಮೇಲಿನ ಮಹಡಿಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದವನೊಬ್ಬ ಭೂಕಂಪವೆಂದು ಬಾಯಿ ತೆರೆದುಕೊಂಡೇ ರಸ್ತೆಯ ಕೊನೆವರೆಗೆ ಓಡಿದನಂತೆ. ಅವನು ಓಡಿದ, ಹಲ್ಲು ಮಾತ್ರ ಡಾಕ್ಟರ ಇಕ್ಕಳದಲ್ಲೇ ಉಳಿಯಿತು ಎನ್ನುವವರೂ ಇದ್ದಾರೆ. ಅಷ್ಟನ್ನು ನಂಬಬೇಕಾಗಿಲ್ಲ.

ಗಂಟಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಕರೆಂಟ್ ಬಿಲ್ಲು ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ. ಗಂಟಪ್ಪ ಎಂದು ಕರೆದದ್ದು ಹೆಂಡತಿ. ಅವನು ದಿನಾ ಗಂಟು ಕಟ್ಟುತ್ತಾನೆಂದು. ಬಟ್ಟೆಯ ಗಂಟಲ್ಲ, ಕಂಪ್ಯೂಟರಿನ ಗಂಟು. ಎಂದೋ ಒಬ್ಬ ಗಿರಾಕಿ "ಐದು ನಿಮಿಷ ನೋಡ್ಕೊಳ್ಳಿ, ಬಂದೆ" ಎಂದು ಹಳೆಯ ಕಂಪ್ಯೂಟರೊಂದನ್ನು ಅಂಗಡಿಯಲ್ಲಿಟ್ಟು ಹೋಗಿದ್ದ. ಆ ಐದು ನಿಮಿಷ ಇನ್ನೂ ಮುಗಿದಿಲ್ಲ. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದಳು; ಗಿರಾಕಿ ಬರಲಿಲ್ಲ. ಸುಮ್ಮನೆ ಕೂತ ಕಂಪ್ಯೂಟರನ್ನು ಕಂಡರೆ, ತೆರೆಯದ ಬೀಗ ಕಂಡಹಾಗೆ ಗಂಟಪ್ಪನ ಬೆರಳು ನವೆಯಾಗುತ್ತಿತ್ತು. ಬಿಚ್ಚಿದ, ನೋಡಿದ, ಲಿನಕ್ಸ್ ಹಾಕಿದ, ಹಾಳು ಮಾಡಿದ, ಮತ್ತೆ ಹಾಕಿದ. ಹೀಗೆ ಹಾಳು ಮಾಡುತ್ತ ಮಾಡುತ್ತಲೇ ಕಲಿತ.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ. ಅದನ್ನು ಯಾವನೋ ಒಬ್ಬ ಧಣಿ ಮಾಡಿ ಮಾರುವುದಿಲ್ಲ. ಊರೂರಿನ ಜನ ಸೇರಿ ಮಾಡಿ, ಬೇಕಾದವರು ಒಯ್ಯಿರಪ್ಪ ಎಂದು ಇಡುತ್ತಾರೆ. ಹಾಗೆ ಕೂಡಿಸಿ ಹಂಚುವ ತಂಡಗಳು ಹಲವು. ಒಂದೊಂದು ತಂಡದ ಹಂಚಿಕೆಗೆ ಒಂದೊಂದು ಡಿಸ್ಟ್ರೊ ಎಂದು ಹೆಸರು. ಪ್ರೋಗ್ರಾಮು ಬರೆಯುವವರು ಬರೆದು ಅಂಗಳದಲ್ಲಿ ಒಗೆದು ಹೋಗುತ್ತಾರೆ. ಅದನ್ನೆತ್ತಿ, ಧೂಳು ಕೊಡವಿ, ಕಂಪ್ಯೂಟರು ಓಡಿಸಬಲ್ಲ ರೂಪಕ್ಕೆ ತಂದು, ಎಂದರೆ ಬಿಲ್ಡ್ ಮಾಡಿ, "ಇದು ಓಡಬೇಕಾದರೆ ಇಂತಿಂಥದ್ದು ಜೊತೆಗಿರಬೇಕು" ಎಂದು ಮೇಲೊಂದು ಚೀಟಿ ಅಂಟಿಸಿ ಗಂಟು ಕಟ್ಟುವವರು ಬೇರೆ. ಆ ಗಂಟೇ ಪ್ಯಾಕೇಜು. ಗಂಟಪ್ಪ ಅಂಥ ಕೆಲವು ಪ್ಯಾಕೇಜುಗಳ ಯಜಮಾನ. ಯಜಮಾನ ಎಂಬುದು ದೊಡ್ಡ ಮಾತು. ಬೈಸಿಕೊಳ್ಳುವವನು ಎಂದರೆ ಸರಿಹೋದೀತು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಹೆಂಡತಿ ಅಂಗಡಿಯ ಹೊರಗೆ ಸ್ಟೂಲಿನ ಮೇಲೆ ಕೂತು ಕೀಯ ಅಂಚಿಗೆ ಅರ ಉಜ್ಜುತ್ತ ಹೇಳುವಳು. ಅಂಗಡಿಯೊಳಗೆ ಇಬ್ಬರು ಹಿಡಿಸುವುದಿಲ್ಲವಾದ್ದರಿಂದ ಒಬ್ಬರು ಒಳಗಿದ್ದರೆ ಒಬ್ಬರು ಹೊರಗೆ. ಅವರ ಸಂಸಾರ ಇಷ್ಟು ವರ್ಷ ಜಗಳವಿಲ್ಲದೆ ನಡೆದ ಗುಟ್ಟು ಅದೇ ಎಂದು ಹಲ್ಲಿನ ಡಾಕ್ಟರರ ಅಭಿಪ್ರಾಯ.

ಇಂಥ ಗಂಟಪ್ಪನಿಗೆ ಭೂಮಿಯ ಮೇಲೆ ಹೆದರಿಕೆ ಇದ್ದದ್ದು ಒಬ್ಬರದೇ: ಬೀಗಿತ್ತಿಯದು. ಮಗಳ ಅತ್ತೆ. ನಾಲ್ಕು ರಸ್ತೆ ಆಚೆ ಆಕೆಯ ಕಸೂತಿ ಅಂಗಡಿ. ಕಂಪ್ಯೂಟರಿನಲ್ಲಿ ಚಿತ್ರ ಹಾಕಿದರೆ ಅದನ್ನು ನೋಡಿ ತಾನೇ ಬಟ್ಟೆಯ ಮೇಲೆ ಹೊಲಿಯುವ ದೊಡ್ಡ ಯಂತ್ರ ಇಟ್ಟುಕೊಂಡು ಶಾಲೆಯ ಬ್ಯಾಡ್ಜು, ಹೋಟೆಲಿನ ಟವೆಲು, ಸಂಘದ ಟೋಪಿ ಎಲ್ಲ ಮಾಡಿಕೊಡುತ್ತಿದ್ದರು. ಅವರ ಕಣ್ಣು ಎಷ್ಟು ಚುರುಕೆಂದರೆ, ರಸ್ತೆಯಲ್ಲಿ ಓಡುವ ಬಸ್ಸಿನೊಳಗೆ ಕೂತವನ ಅಂಗಿಯ ಗುಂಡಿ ಸಡಿಲವಾಗಿದ್ದರೆ ಇಲ್ಲಿಂದಲೇ ಗೊತ್ತಾಗುತ್ತಿತ್ತು. ಬಯ್ಯುವ ಅಭ್ಯಾಸವಿಲ್ಲ. ಸುಮ್ಮನಾಗುತ್ತಿದ್ದರು. ಅವರು ಸುಮ್ಮನಾದರೆ ಗೋಡೆಯ ಗಡಿಯಾರವೂ ಟಿಕ್ ಅನ್ನುವ ಮೊದಲು ಅವರ ಮುಖ ನೋಡುತ್ತಿತ್ತು.

ಮಗಳ ಮದುವೆಯ ಮಾತುಕತೆಗೆ ಹೋದ ದಿನವೇ ಬೀಗಿತ್ತಿಯ ಹಳೆಯ ಕಂಪ್ಯೂಟರು ಕೆಟ್ಟು ಕೂತಿತ್ತು. ಹೆಣ್ಣಿನ ಅಪ್ಪ ತನ್ನ ಹಿರಿಮೆ ತೋರಿಸದೆ ಇರುವುದುಂಟೇ? ಗಂಟಪ್ಪ ಅಂಗಿಯ ತೋಳು ಮಡಚಿ ತನ್ನ ಡಿಸ್ಟ್ರೊ ಹಾಕಿಕೊಟ್ಟ. ಕಸೂತಿ ಮಾಡಿಸಲು 'ಹೂದಾರ' ಎಂಬ ಪ್ರೋಗ್ರಾಮು ಬೇಕಾಗಿತ್ತು. ಅದು ಡಿಸ್ಟ್ರೊದಲ್ಲಿ ಇರಲಿಲ್ಲ. ಅವಸರ ಅವಸರವಾಗಿ ಅದನ್ನೂ ತಾನೇ ಗಂಟು ಕಟ್ಟಿದ.

"ಇದು ಕೈ ಕೊಡಲ್ಲ ಬೀಗಿತ್ತಿ. ಕೈ ಕೊಟ್ರೆ ನನ್ನ ಕಿವಿ ಹಿಂಡಿ."

"ಕಿವಿ ನೀವೇ ಇಟ್ಕೊಳ್ಳಿ ಬೀಗರೇ," ಎಂದಿದ್ದರು ಅವರು. "ಮಾತು ಕೊಟ್ಟಿದ್ದೀರಲ್ಲ, ಅದು ನನ್ನ ಹತ್ರ ಇರಲಿ."

ಆ ಮಾತಿನ ಮೇಲೆ ಎಲ್ಲ ನಡೆದಿತ್ತು. ಮಗಳು ಆ ಮನೆ ಸೇರಿದಳು, ಅತ್ತೆಯ ಜೊತೆ ಅಂಗಡಿಗೂ ಸೇರಿದಳು. ವಾರಕ್ಕೊಮ್ಮೆ ಅಪ್‌ಡೇಟ್ ಬಟನ್ ಒತ್ತಬೇಕು ಎಂದು ಗಂಟಪ್ಪ ಕಲಿಸಿದ್ದನ್ನು ಬೀಗಿತ್ತಿ ಮಾತ್ರೆ ನುಂಗುವಷ್ಟು ಶಿಸ್ತಿನಿಂದ ಒತ್ತುತ್ತಿದ್ದರು.

ಹೀಗಿರುವಾಗ 'ಸೂಜಿಮೊನೆ'ಯ ಹೊಸ ಆವೃತ್ತಿ ಬಂತು. ಸೂಜಿಮೊನೆ ಎಂಬುದು ಲೈಬ್ರರಿ; ಎಂದರೆ ತಾನಾಗಿ ಏನೂ ಮಾಡದೆ, ಬೇರೆ ಪ್ರೋಗ್ರಾಮುಗಳು ಕೇಳಿದಾಗ ಹೊಲಿಗೆಯ ಲೆಕ್ಕ ಹೇಳಿಕೊಡುವ ಸಹಾಯಕ. ಅದರ ಪ್ಯಾಕೇಜೂ ಗಂಟಪ್ಪನದೇ. ಹೊಸ ಆವೃತ್ತಿಯಲ್ಲಿ ಅದರ ಒಳಗಿನ ಅಳತೆಗಳು ಬದಲಾಗಿದ್ದವು, ಜೊತೆಗೆ ಪ್ರೋಗ್ರಾಮುಗಳು ಅದನ್ನು ಕರೆಯುವ ಹೆಸರೂ. ಹಾಗಾದಾಗ ಅದನ್ನು ನಂಬಿದ ಪ್ರತಿ ಪ್ರೋಗ್ರಾಮನ್ನೂ ಮತ್ತೆ ಬಿಲ್ಡ್ ಮಾಡಬೇಕು. ಆ ಪ್ರೋಗ್ರಾಮುಗಳಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ, ಆದರೂ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದಳು ಹೆಂಡತಿ. "ಏನೂ ಬದಲಾಗದ್ದನ್ನ ಮತ್ತೆ ಯಾಕ್ರೀ ಮಾಡೋದು?"

"ಮೇಲಿನ ಡಾಕ್ಟ್ರು ಬಾಗಿಲಿಗೆ ಹೊಸ ಬೀಗ ಹಾಕಿಸಿದ್ರಲ್ಲ, ಆಗ ಏನ್ ಮಾಡಿದ್ವಿ?"

"ನರ್ಸಿಗೊಂದು, ಗುಡಿಸೋಳಿಗೊಂದು, ಡಾಕ್ಟರ ಹೆಂಡತಿಗೊಂದು ಹೊಸ ಕೀ ಮಾಡ್ಕೊಟ್ವಿ."

"ನರ್ಸ್ ಬದಲಾಗಿದ್ಲಾ?"

"ಇಲ್ಲ. ಮೊದಲಿನ ಹಾಗೇ ಸಿಡುಕುತ್ತಿದ್ಲು."

"ಆದ್ರೂ ಕೀ ಬದಲಾಯಿಸಬೇಕಾಯ್ತಲ್ಲ. ಇದೂ ಅಷ್ಟೇ."

ಈ ಮರುಬಿಲ್ಡಿಗೂ ಒಂದು ಕ್ರಮವುಂಟು. ಇವತ್ತೊಂದು ನಾಳೆಯೊಂದು ಎಂದು ಬಿಡುವ ಹಾಗಿಲ್ಲ. ಬೀಗ ಒಂದು ಕಡೆ ಕೀ ಒಂದು ಕಡೆ ಆಗಿ ಜನ ಬಾಗಿಲ ಹೊರಗೆ ನಿಲ್ಲುತ್ತಾರೆ. ಅದಕ್ಕಾಗಿ ಡಿಸ್ಟ್ರೊದವರು ಪಕ್ಕದಲ್ಲೊಂದು ಜಾಗ ಕೊಡುತ್ತಾರೆ, ಅದನ್ನು ತಂಡದವರು ಹಿತ್ತಿಲು ಎನ್ನುತ್ತಾರೆ. ಹೊಸ ಲೈಬ್ರರಿಯನ್ನು ಹಿತ್ತಿಲಲ್ಲಿಟ್ಟು, ಅದನ್ನು ಬೇಡುವವರನ್ನೆಲ್ಲ ಅಲ್ಲೇ ಒಬ್ಬೊಬ್ಬರನ್ನಾಗಿ ಬಿಲ್ಡ್ ಮಾಡಿ, ಓಡಿಸಿ ನೋಡಿ, ಎಲ್ಲ ಸರಿಯಿದೆ ಎಂದಾದ ಮೇಲೆ ಒಟ್ಟಿಗೆ ಪಡಸಾಲೆಗೆ ತರಬೇಕು. ಪಡಸಾಲೆಯ ಬಾಗಿಲಲ್ಲಿ ಕೂತವಳು ಬಾಗಿಲಮ್ಮ. ಅವಳ ಮುಖವನ್ನು ಯಾರೂ ಕಂಡಿಲ್ಲ, ಬರೆಯುವುದು ಒಂದೊಂದೇ ಸಾಲು. ಅವಳು ಮಲಗುವುದಿಲ್ಲ ಎಂದು ಕೆಲವರು, ಅವಳು ಮೂವರು ಅಕ್ಕತಂಗಿಯರು ಎಂದು ಕೆಲವರು. ಅವಳ ನಿಯಮ ಒಂದೇ: ಕಟ್ಟಿದವನೇ ಸರಿಯಿದೆ ಎನ್ನುವಂತಿಲ್ಲ. ಬೇರೆ ಒಬ್ಬರು ಓಡಿಸಿ ನೋಡಿ "ಹೂಂ" ಎನ್ನಬೇಕು.

ಗಂಟಪ್ಪ ಸೂಜಿಮೊನೆಯನ್ನು ಬೇಡುವವರು ಯಾರ್ಯಾರೆಂದು ಚೀಟಿಗಳನ್ನೆಲ್ಲ ಹುಡುಕಿಸಿದ. ಸ್ವೆಟರ್ ಹೆಣೆಯುವ ಪ್ರೋಗ್ರಾಮೊಂದು, ಲೇಬಲ್ ಹೊಲಿಯುವುದೊಂದು, ಹಾಸಿಗೆ ಹೊದಿಕೆಯ ವಿನ್ಯಾಸದ್ದೊಂದು ಸಿಕ್ಕಿದವು. ಹೂದಾರ ಬರಲಿಲ್ಲ. ಅದನ್ನು ಕಂಡು ಅವನಿಗೆ ಸಮಾಧಾನವೇ ಆಯಿತು. ಬೀಗಿತ್ತಿಯ ಕಡೆ ಕೈ ಹಾಕುವ ಪ್ರಮೇಯವೇ ಇಲ್ಲವಲ್ಲ ಎಂದು. ಸಿಕ್ಕಿದ್ದನ್ನೆಲ್ಲ ಹಿತ್ತಿಲಲ್ಲಿ ಬಿಲ್ಡ್ ಮಾಡಿ, ಅಂಗಡಿಯ ಕಂಪ್ಯೂಟರಿನಲ್ಲಿ ಹಾಕಿ ಓಡಿಸಿದ. ಯಾವುದಕ್ಕೂ ಇರಲಿ ಎಂದು ಹೂದಾರವನ್ನೂ ತೆರೆದು ಒಂದು ಹೂವು ಬರೆಸಿದ. ಹೂವು ಚಂದ ಬಂತು.

ಇನ್ನು ಬೇರೊಬ್ಬರ ಹೂಂ ಬೇಕು. ರಸ್ತೆಯಲ್ಲಿ ನೋಡಿದ. ಬೇರೊಬ್ಬರು ಸ್ಟೂಲಿನ ಮೇಲೆ ಕೂತು ಕೀ ಉಜ್ಜುತ್ತಿದ್ದರು.

"ಲೇ, ಇಲ್ಲಿ ಬಂದು ಇದೊಂದು ಬಟನ್ ಒತ್ತು."

"ಏನಿದು?"

"ಚೆನ್ನಾಗಿದೆ ಅಂತ ಒತ್ತೋದು."

"ಚೆನ್ನಾಗಿದೆಯಾ?"

"ಚೆನ್ನಾಗಿದೆ."

ಒತ್ತಿದಳು. ಅವಳ ಬೆರಳಿನ ಹಿತ್ತಾಳೆಯ ಪುಡಿ ಆ ಬಟನ್ ಮೇಲೆ ಈಗಲೂ ಇದೆ. ಬಾಗಿಲಮ್ಮ ಬಾಗಿಲು ತೆಗೆದಳು, ಗಂಟುಗಳು ಪಡಸಾಲೆಗೆ ಬಂದವು. ಗಂಟಪ್ಪ ಆ ದಿನ ಎದೆ ಉಬ್ಬಿಸಿ ನಡೆದ ರೀತಿಗೆ ಅಂಗಡಿಯ ಬಾಗಿಲು ಇನ್ನಷ್ಟು ಕಿರಿದಾಯಿತು.

ವಾರದ ಅಪ್‌ಡೇಟಿನ ಮರುದಿನ ಬೆಳಿಗ್ಗೆ ಮಗಳ ಫೋನು ಬಂತು.

"ಅಪ್ಪ, ಸ್ವಲ್ಪ ಬರ್ತೀಯಾ?"

"ಏನಾಯ್ತಮ್ಮ? ಅತ್ತೆ ಬೈದ್ರಾ?"

"ಬೈದಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ. ಮಾತೇ ಆಡ್ತಿಲ್ಲ."

ಗಂಟಪ್ಪ ಲ್ಯಾಪ್‌ಟಾಪ್ ಕಂಕುಳಲ್ಲಿ ಇರುಕಿಕೊಂಡು ಓಡಿದ. ಕಸೂತಿ ಅಂಗಡಿಯ ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು ಕಡೆ ಹಸಿರು ಟೋಪಿಗಳ ರಾಶಿ. ಇನ್ನೊಂದು ಕಡೆ ಹೊಚ್ಚ ಹೊಸ ಕಂಪ್ಯೂಟರಿನ ಡಬ್ಬ, ಇನ್ನೂ ಟೇಪು ಕಿತ್ತಿಲ್ಲ. ಎದುರಿನ ಕಂಪ್ಯೂಟರ್ ಅಂಗಡಿಯವನು ತಂದಿಟ್ಟು ಹೋಗಿದ್ದ. ಸಂಜೆಗೆ ಬಂದು, ಬೇಕಾದರೆ ಬಿಚ್ಚಿ ಜೋಡಿಸುತ್ತೇನೆ, ಬೇಡವಾದರೆ ಹಾಗೇ ಒಯ್ಯುತ್ತೇನೆ ಎಂದಿದ್ದನಂತೆ.

ಬೀಗಿತ್ತಿ ಒಂದು ಟೋಪಿ ಎತ್ತಿ ಅವನ ಮುಂದೆ ಹಿಡಿದರು. ಹಕ್ಕಿ ನೋಡುವವರ ಸಂಘದ ಟೋಪಿ. ಮರುದಿನ ಬೆಳಗಾಗುವ ಮುಂಚೆ ಅವರೆಲ್ಲ ಕಾಡಿಗೆ ಹೊರಡುವವರು. ಸಂಜೆ ಟೋಪಿ ಒಯ್ಯಲು ಬರುತ್ತಾರೆ. ಹಣೆಯ ಮೇಲೆ ಕೊಂಬೆಯಲ್ಲಿ ಕೂತ ಗೂಬೆಯ ಚಿತ್ರ ಇರಬೇಕಿತ್ತು. ಗೂಬೆ ಇತ್ತು, ತಲೆ ಕೆಳಗೆ ಕಾಲು ಮೇಲೆ. ಕೊಂಬೆಗೆ ಜೋತುಬಿದ್ದ ಗೂಬೆಯನ್ನು ಜಗತ್ತಿನಲ್ಲಿ ಬಾವಲಿ ಎನ್ನುತ್ತಾರೆ.

"ರಾಶಿ ಪೂರ್ತಿ ಹೀಗೇ ಅಪ್ಪ," ಎಂದಳು ಮಗಳು ಮೆತ್ತಗೆ. "ಯಂತ್ರಕ್ಕೆ ಹಾಕಿ ನಾನು ಬಟ್ಟೆ ಕತ್ತರಿಸೋಕೆ ಹೋದೆ. ಅತ್ತೆ ಗಿರಾಕಿ ಹತ್ರ ಹೋಗಿದ್ರು. ಬಂದು ನೋಡಿದ್ರೆ ಇಡೀ ರಾಶಿ ಬಾವಲಿ."

"ಯಂತ್ರದ್ದು ಏನೋ..." ಎಂದು ಶುರು ಮಾಡಿದ ಗಂಟಪ್ಪ.

ಬೀಗಿತ್ತಿ ಆಗ ಮೊದಲ ಸಲ ಬಾಯಿ ಬಿಟ್ಟರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಹಾಗಲ್ಲ ಬೀಗಿತ್ತಿ, ನಮ್ಮ ಅಂಗಡೀಲಿ ಓಡ್ತಿದೆ. ನಾನೇ ನೋಡಿದ್ದೀನಿ."

"ನಿಮ್ಮ ಅಂಗಡೀಲಿ ಗೂಬೆ ನೆಟ್ಟಗೆ ಕೂರುತ್ತೆ, ನಮ್ಮ ಅಂಗಡೀಲಿ ಜೋತಾಡುತ್ತೆ. ಗೂಬೆಗೂ ಬೀಗರ ಮನೆ ಅಂದ್ರೆ ಸದರ."

ಗಂಟಪ್ಪ ಕಂಪ್ಯೂಟರಿನ ಮುಂದೆ ಕೂತ. ಹೂದಾರ ತೆರೆಯಿತು. ಚಿತ್ರ ಪರದೆಯ ಮೇಲೆ ನೆಟ್ಟಗಿತ್ತು. ಯಂತ್ರಕ್ಕೆ ಕಳಿಸುವಾಗ ಮಾತ್ರ ತಿರುಗಿಬೀಳುತ್ತಿತ್ತು. ತಲೆ ಕೆರೆದ. ಎಷ್ಟು ಕೆರೆದನೆಂದರೆ ಆ ಜಾಗದಲ್ಲಿ ಈಗಲೂ ಕೂದಲಿಲ್ಲ. ಮೊದಲೂ ಇರಲಿಲ್ಲ ಎನ್ನುವುದು ಹೆಂಡತಿಯ ಚಾಡಿ. ಕೊನೆಗೆ ಅವಳಿಗೇ ಫೋನ್ ಮಾಡಿ ಮೇಜಿನ ಮೇಲಿಟ್ಟ. ಗಟ್ಟಿಯಾಗಿ ಕೇಳುವ ಹಾಗೆ ಇಡಬಾರದಿತ್ತು; ಇಟ್ಟ.

"ಲೇ, ಹೂದಾರದಲ್ಲಿ ಹೂವು ತೆಗಿ. ಯಂತ್ರಕ್ಕೆ ಕಳಿಸು ಅಂತ ಇದೆಯಲ್ಲ, ಅದನ್ನೊತ್ತು. ನಮ್ಮಲ್ಲಿ ಯಂತ್ರ ಇಲ್ಲ, ಕಳಿಸೋ ಫೈಲನ್ನೇ ತೋರಿಸುತ್ತೆ. ನೆಟ್ಟಗಿದೆಯಾ?"

"ನೆಟ್ಟಗಿದೆ."

"ನಾನು ಹೇಳೋ ಹಾಗೆ ಅಕ್ಷರ ಹೊಡಿ. ಅದು ಸೂಜಿಮೊನೆನ ಎಲ್ಲಿಂದ ತಗೊಳ್ತಿದೆ ಅಂತ ತೋರಿಸುತ್ತೆ."

ಟಕ್ ಟಕ್ ಎಂಬ ಸದ್ದು, ಹಿಂದೆ ಗಿರಾಕಿಯೊಬ್ಬನಿಗೆ "ತಡೀರಿ, ನಮ್ಮವರು ಬೀಗರ ಮನೇಲಿ ಸಿಕ್ಕಿಹಾಕ್ಕೊಂಡಿದ್ದಾರೆ" ಎಂಬ ವಿವರಣೆ, ಆಮೇಲೆ ಅವಳ ದನಿ: "ಇದ್ಯಾವುದೋ ಮೂಲೆಯ ಫೋಲ್ಡರ್ ತೋರಿಸ್ತಿದೆ ಕಣ್ರೀ. ಹೆಸರು 'ಇರಲಿಬಿಡು'. ಅದರಲ್ಲಿ ಹಳೇ ಸೂಜಿಮೊನೆ ಇದೆ. ನಮ್ಮ ಮಗಳಿಗೆ ಹಾಲುಹಲ್ಲು ಬಿದ್ದ ವರ್ಷದ್ದು."

ಗಂಟಪ್ಪನಿಗೆ ನೆನಪಾಯಿತು. ಕಲಿಯುವ ಕಾಲದಲ್ಲಿ ಕೈಯಾರೆ ತಂದು ಮೂಲೆಯಲ್ಲಿ ಇಟ್ಟು ಮರೆತ ಹಳೆಯ ಲೈಬ್ರರಿ. ಅಂಗಡಿಯಲ್ಲಿ ಹೂದಾರ ಓಡಿದ್ದು ಅದರ ಮೇಲೆ.

ಈಗ ಎಲ್ಲ ಬೆಳಕಾಯಿತು. ಹೂದಾರವೂ ಸೂಜಿಮೊನೆಯನ್ನು ಬೇಡುತ್ತಿತ್ತು. ಆದರೆ ಅದು ಎಲ್ಲರ ಹಾಗೆ ಬಾಗಿಲಲ್ಲಿ ನಿಂತು ಕೇಳುವ ಜಾತಿಯಲ್ಲ. ಬಿಲ್ಡ್ ಆಗುವಾಗ ಸೂಜಿಮೊನೆಯ ಹೆಸರನ್ನು ಒಮ್ಮೆ ಕಿವಿಗೆ ಹಾಕಿಕೊಂಡು, ಓಡುವಾಗ ಯಂತ್ರಕ್ಕೆ ಚಿತ್ರ ಕಳಿಸುವ ಗಳಿಗೆಯಲ್ಲಿ ಮಾತ್ರ ಹಿಂಬಾಗಿಲಿಂದ ಆ ಹೆಸರು ಹಿಡಿದು ಕೂಗುವ ಜಾತಿ. ಕೂಗಿಗೆ ಯಾರೂ ಓಗೊಡದಿದ್ದರೆ ತಕರಾರೂ ಮಾಡದು. ತನಗೆ ತಿಳಿದ ಅರೆಬರೆ ಲೆಕ್ಕದಲ್ಲಿ ಕೆಲಸ ಮುಗಿಸುತ್ತದೆ. ಆ ಲೆಕ್ಕದಲ್ಲಿ ಮೇಲು ಕೆಳಗಿಗೆ ವ್ಯತ್ಯಾಸವಿಲ್ಲ. ಬೀಗಿತ್ತಿಯ ಕಂಪ್ಯೂಟರಿನಲ್ಲಿ ಅಪ್‌ಡೇಟು ಹಳೆಯ ಸೂಜಿಮೊನೆಯನ್ನು ತೆಗೆದು ಹೊಸದನ್ನಿಟ್ಟಿತ್ತು, ಹಳೆಯ ಹೆಸರಿಗೆ ಓಗೊಡುವವರು ಅಲ್ಲಿರಲಿಲ್ಲ. ಇಂಥದ್ದನ್ನು ಯಾವ ಹುಡುಕಾಟವೂ ಹಿಡಿಯದು, ಕಟ್ಟಿದವನೇ ಚೀಟಿಯಲ್ಲಿ ಬರೆಯಬೇಕು. ಕಟ್ಟಿದವನು ಗಂಟಪ್ಪ. ಬೀಗಿತ್ತಿಯ ಮುಂದೆ ಹಿರಿಮೆ ತೋರಿಸುವ ಅವಸರದಲ್ಲಿ ಬರೆದಿರಲಿಲ್ಲ.

"ಅಂದ್ರೆ," ಎಂದರು ಎಲ್ಲ ಕೇಳಿಸಿಕೊಂಡ ಬೀಗಿತ್ತಿ, "ಹೊಸ ಕೀ ಸರಿಯಿದೆಯಾ ಅಂತ ನೀವು ನೋಡಿದ್ದು ಚಿಲಕವೇ ಹಾಕದ ಬಾಗಿಲಲ್ಲಿ."

"ಹೂಂ," ಎಂದ ಗಂಟಪ್ಪ.

"ಬೀಗ ರಿಪೇರಿ ಮಾಡೋರು ನೀವು."

"ಹೂಂ."

ಫೋನಿನಿಂದ ಹೆಂಡತಿಯ ದನಿ ಬಂತು: "ದೀಪದ ಬುಡದಲ್ಲೇ ಕತ್ತಲೆ ಬೀಗಿತ್ತಿ. ಇವರದ್ದು ಯಾವಾಗಲೂ ಹೀಗೇ." ಗಂಟಪ್ಪ ಫೋನ್ ಇಟ್ಟ.

ಆಮೇಲೆ ಮಗಳ ಮುಖ ನೋಡಿದ, ಡಬ್ಬ ನೋಡಿದ. ಆ ಡಬ್ಬ ಬಿಚ್ಚಿದರೆ ಅವನ ಮಾತು ಬಿಚ್ಚಿದ ಹಾಗೆ. ಇನ್ನು ಜೀವಮಾನವಿಡೀ ಬೀಗರ ಮನೆಯಲ್ಲಿ ಏನು ಹೇಳಿದರೂ "ಓ, ಕಂಪ್ಯೂಟರ್ ವಿಷಯದ ಹಾಗೆಯೋ?" ಎನ್ನುತ್ತಾರೆ, ಕೇಳಿಸಿಕೊಳ್ಳಬೇಕಾದವಳು ಮಗಳು. ಸುಲಭದ ದಾರಿಯೊಂದು ಹೊಳೆಯಿತು.

"ಐದು ನಿಮಿಷ ಬೀಗಿತ್ತಿ. ನಮ್ಮ ಅಂಗಡಿಯ ಆ ಹಳೇದನ್ನೇ ತರಿಸಿ ಇಲ್ಲೂ ಒಂದು ಮೂಲೇಲಿ ಇಟ್ಬಿಡ್ತೀನಿ. ಗೂಬೆ ನೆಟ್ಟಗಾಗುತ್ತೆ."

"ಇದು ರಿಪೇರಿನಾ, ತೇಪೆನಾ?"

"ತೇಪೆ."

"ಈ ಹೂದಾರ ಇನ್ನೂ ಬೇರೆಯವರ ಹತ್ರ ಇದೆಯಾ?"

"ಡಿಸ್ಟ್ರೊ ಹಾಕ್ಕೊಂಡ ಕಸೂತಿಯವರು ಎಲ್ಲೆಲ್ಲೋ ಇರಬಹುದು."

"ಅವರ ಟೋಪಿಗೂ ಬಾವಲಿ ಬರುತ್ತೆ."

"ಬರುತ್ತೆ."

"ಅವರಿಗೆಲ್ಲ ಕಂಕುಳಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಓಡಿಬರೋ ಬೀಗರು ಇಲ್ಲವಲ್ಲ," ಎಂದರು ಬೀಗಿತ್ತಿ. ಕುರ್ಚಿ ಎಳೆದು ಟೋಪಿಯ ರಾಶಿಯ ಮುಂದೆ ಕೂತರು. "ಹೇಗೂ ಈ ಹೊಲಿಗೆ ಎಲ್ಲ ಬಿಚ್ಚಬೇಕು. ಬಿಚ್ಚಿ ಮುಗಿಯೋ ಹೊತ್ತಿಗೆ ಸರಿಯಾದ್ದನ್ನೇ ತನ್ನಿ. ಬರ್ಲಿಲ್ಲ ಅಂದ್ರೆ ಡಬ್ಬ ಬಿಚ್ಚೋಣ."

ಗಂಟಪ್ಪ ಚೀಟಿಯಲ್ಲಿ ಬಿಟ್ಟುಹೋದ ಸಾಲು ಬರೆದ. ಇನ್ನು ಹೂದಾರವನ್ನು ಹೊಸ ಸೂಜಿಮೊನೆಯ ಜೊತೆ ಬಿಲ್ಡ್ ಮಾಡಿದರೆ ಹೊಸ ಹೆಸರು ಅದರ ಕಿವಿಗೆ ಬೀಳುತ್ತದೆ, ಅಷ್ಟೇ. ಪ್ರೋಗ್ರಾಮಿನಲ್ಲಿ ಒಂದಕ್ಷರವನ್ನೂ ಮುಟ್ಟುವುದಿಲ್ಲ. ಹಿತ್ತಿಲು ಕೇಳಿದ, ಬಿಲ್ಡಿಗೆ ಹಾಕಿದ. ಆದರೆ ಬಿಲ್ಡ್ ಮಾಡುವ ಯಂತ್ರಗಳು ಎಲ್ಲರಿಗೂ ಸೇರಿದ್ದು. ಅವನ ಮುಂದೆ ಸಾಲಿನಲ್ಲಿ ಯಾರದೋ ಬ್ರೌಸರು ನಿಂತಿತ್ತು. ಬ್ರೌಸರು ಎಂದರೆ ಸಾಮಾನ್ಯ ಜೀವಿಯಲ್ಲ. ಅದು ಬಿಲ್ಡ್ ಆಗುವಷ್ಟರಲ್ಲಿ ಮರಿ ಆನೆ ದೊಡ್ಡದಾಗಿ, ಕೆಲಸಕ್ಕೆ ಸೇರಿ, ಪಿಂಚಣಿ ತೆಗೆದುಕೊಳ್ಳುತ್ತದೆ. ಅದರ ಬಾಲ ಹಿಡಿದು ಕಾಯದೆ ದಾರಿಯಿರಲಿಲ್ಲ.

"ಈಗೇನು ಮಾಡ್ತಿದ್ದೀರಿ?" ಕೇಳಿದರು ಬೀಗಿತ್ತಿ.

"ಕಾಯ್ತಿದ್ದೀನಿ."

"ಕೈ ಖಾಲಿ ಅಂತಾಯ್ತು." ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯೊಂದನ್ನು ಅವನ ಕೈಗಿತ್ತರು. "ಹಿಂದಿನಿಂದ ಬಿಚ್ಚಿ. ಟೋಪಿಗೆ ತೂತು ಬಿದ್ರೆ ನಿಮ್ಮ ತಲೆಗೇ ಹಾಕ್ತೀನಿ."

ಮೂವರೂ ಕೂತು ಬಾವಲಿ ಬಿಚ್ಚತೊಡಗಿದರು. ಬೀಗ ಬಿಚ್ಚಿದ ಕೈಗೆ ದಾರ ಬಿಚ್ಚುವುದು ಬಾರದಿದ್ದೀತೇ ಎಂದುಕೊಂಡಿದ್ದ ಗಂಟಪ್ಪ. ಬೀಗ ತೆರೆದರೆ ತೆರೆಯಿತು. ಈ ದಾರ ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಕಚ್ಚುತ್ತಿತ್ತು. ಕಣ್ಣು, ಕೊಕ್ಕು, ರೆಕ್ಕೆ. ರೆಕ್ಕೆಯ ಕೆಳಗೆ ಇನ್ನೊಂದು ಪದರ ರೆಕ್ಕೆ.

"ಇಷ್ಟೊಂದು ಪದರ ಯಾಕೆ ಬೀಗಿತ್ತಿ?"

"ಕೆಳಗಿನ ಪದರ ಸರಿ ಕೂತ್ರೆ ಮಾತ್ರ ಮೇಲಿಂದು ಕೂರುತ್ತೆ. ಕೆಳಗಿಂದು ಒಂದು ಎಳೆ ಬದಲಾದ್ರೆ ಮೇಲಿಂದೆಲ್ಲ ಬಿಚ್ಚಿ ಮತ್ತೆ ಹಾಕಬೇಕು."

"ಅದೇ ಚಿತ್ರನೇ?"

"ಅದೇ ಚಿತ್ರ, ಅದೇ ದಾರ. ಆದ್ರೂ ಮತ್ತೆ ಹಾಕಬೇಕು." ಕೊಕ್ಕೆ ನಿಲ್ಲಿಸಿ ಅವನತ್ತ ನೋಡಿದರು. "ಇದನ್ನೇ ಅಲ್ವಾ ನೀವು ದಿನಾ ಮಾಡೋದು? ಮತ್ತೆ ಇಷ್ಟು ದಿನ ನನಗೆ ಅರ್ಥ ಆಗದ ಹಾಗೆ ಹೇಳ್ತಿದ್ರಲ್ಲ."

ಮಗಳು ಟೋಪಿಯೊಳಗೆ ಮುಖ ಮರೆಸಿಕೊಂಡು ನಕ್ಕಳು. ಬೆಳಗಿನಿಂದ ಆ ಅಂಗಡಿಯಲ್ಲಿ ಕೇಳಿದ ಮೊದಲ ನಗು ಅದು. ಗಡಿಯಾರಕ್ಕೂ ಧೈರ್ಯ ಬಂದು ಟಿಕ್ ಎಂದಿತು.

ಅಷ್ಟರಲ್ಲಿ ಬಾಗಿಲಮ್ಮನ ಸಾಲು ಬಂತು: "ಸೂಜಿಮೊನೆಯ ಗಂಟುಗಳು ಮೊನ್ನೆಯೇ ಬಂದವಲ್ಲ, ಈಗ ಇದು ಯಾಕೆ? ಕಾರಣ ಬರೆಯಿರಿ." ಗಂಟಪ್ಪ ಬರೆದ. ಪ್ರೋಗ್ರಾಮಿನ ವಿಚಿತ್ರ ಸ್ವಭಾವ, ಹಳೆಯ ಕಾಲದ ಪದ್ಧತಿಗಳು, ಹುಡುಕಾಟದ ಮಿತಿಗಳು ಎಂದು ಮೂರು ಪ್ಯಾರಾ ಹೊಸೆದ.

"ಓದಿ," ಎಂದರು ಬೀಗಿತ್ತಿ.

ಓದಿದ.

"ಇದರಲ್ಲಿ ಎಲ್ಲರ ಮೇಲೂ ಗೂಬೆ ಕೂರಿಸಿದ್ದೀರಿ. ನಿಮ್ಮ ಮೇಲೊಂದು ಬಿಟ್ಟು. ಬಿಚ್ಚಿ."

ಗಂಟಪ್ಪ ಅದನ್ನೂ ಬಿಚ್ಚಿದ. ಉಳಿದದ್ದು ಇಷ್ಟು: "ಚೀಟಿಯಲ್ಲಿ ಬರೆಯುವುದು ಮರೆತೆ. ಓಡಿಸಿ ನೋಡಿದ್ದು ಹಳೆಯ ಲೈಬ್ರರಿ ಬಿದ್ದಿದ್ದ ನನ್ನದೇ ಕಂಪ್ಯೂಟರಿನಲ್ಲಿ. ಹೂಂ ಎಂದದ್ದು ನನ್ನ ಹೆಂಡತಿ. ಗೂಬೆ ತಲೆಕೆಳಗಾಗಿದೆ." ತಂಡದವರೆಲ್ಲ ಓದುವ ಜಾಗದಲ್ಲಿ ಅದು ಹೋಗಿ ಕೂತಿತು. ಗಂಟಪ್ಪ ಕಿವಿ ಮುಟ್ಟಿ ನೋಡಿಕೊಂಡ. ಯಾರೂ ಹಿಂಡದೆಯೇ ಬಿಸಿಯಾಗಿತ್ತು.

ಬಾಗಿಲಮ್ಮ ಬರೆದಳು: "ಈ ಸಲ ನಿಜವಾದ ಬೇರೊಬ್ಬರು."

ಬ್ರೌಸರಿನ ಬಾಲ ಕೊನೆಗೂ ಒಳಗೆ ಹೋಯಿತು. ಹೂದಾರದ ಸರದಿ ಬಂದು, ಬಿಲ್ಡ್ ಆಗಿ, ಹಿತ್ತಿಲಿಗೆ ಬಂದು ಕೂತಾಗ ರಾಶಿಯಲ್ಲಿ ಕೊನೆಯ ಕೆಲವು ಬಾವಲಿಗಳಿದ್ದವು. ಬಿಸಿಲು ಎದುರು ಗೋಡೆ ಹತ್ತಿತ್ತು. ಕಂಪ್ಯೂಟರ್ ಅಂಗಡಿಯವನು ಎರಡು ಸಲ ಬಾಗಿಲಿಗೆ ಬಂದು, ಡಬ್ಬ ನೋಡಿ, ಬೀಗಿತ್ತಿಯ ಮುಖ ನೋಡಿ ಹೋಗಿದ್ದ. ಗಂಟಪ್ಪ ಹಿತ್ತಿಲಿನದನ್ನು ಬೀಗಿತ್ತಿಯ ಕಂಪ್ಯೂಟರಿಗೆ ಹಾಕಿದ. ಇಲ್ಲಿ ಯಾವ ಮೂಲೆಯಲ್ಲೂ ಹಳೆಯದು ಬಿದ್ದಿರಲಿಲ್ಲ. ಪರದೆ ನೋಡಿ "ಆಯ್ತು, ಹೂಂ ಅನ್ನಿ" ಎಂದ.

"ಪರದೆ ಮೇಲೆ ಬೆಳಿಗ್ಗೆನೂ ನೆಟ್ಟಗೇ ಇತ್ತು," ಎಂದು ಬೀಗಿತ್ತಿ ಯಂತ್ರಕ್ಕೆ ಬಿಚ್ಚಿದ ಟೋಪಿಯೊಂದನ್ನು ಬಿಗಿದರು.

ಸೂಜಿ ಓಡಿತು. ಮೊದಲು ಕೊಂಬೆ ಬಂತು. ಕೊಂಬೆ ಕೆಳಗೋ ಮೇಲೋ ಎಂದು ಮೂವರೂ ಬಾಗಿದರು. ಯಂತ್ರದ ಚೌಕಟ್ಟು ಅತ್ತಿತ್ತ ಓಡುತ್ತಿದ್ದದ್ದರಿಂದ ಹೇಳುವುದು ಕಷ್ಟ. ಆಮೇಲೆ ಉಗುರು, ಹೊಟ್ಟೆ, ರೆಕ್ಕೆ. ಗಂಟಪ್ಪ ಉಸಿರು ಹಿಡಿದಿದ್ದ. ಅಷ್ಟು ಹೊತ್ತು ನೀರೊಳಗಿದ್ದರೆ ಮುತ್ತು ಹೆಕ್ಕಿ ತರಬಹುದಿತ್ತು. ಕೊನೆಗೆ ಎರಡು ದುಂಡು ಕಣ್ಣು. ಯಂತ್ರ ನಿಂತಿತು. ಗೂಬೆ ಕೊಂಬೆಯ ಮೇಲೆ ನೆಟ್ಟಗೆ ಕೂತು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು.

ಬೀಗಿತ್ತಿ ಟೋಪಿ ತೆಗೆದು, ಕಿಟಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಕೂತು ತಾವೇ ಟೈಪು ಮಾಡಿದರು: "ಗೂಬೆ ನೇರ. ಎಡಗಣ್ಣು ಬಲಗಣ್ಣಿಗಿಂತ ಒಂದು ಹೊಲಿಗೆ ಸಣ್ಣ. ಹೂಂ."

ಬಾಗಿಲಮ್ಮ ತನ್ನ ಜೀವನದಲ್ಲಿ ಮೊದಲ ಸಲ ಎರಡು ಸಾಲು ಬರೆದಳು. "ಎಡಗಣ್ಣು ಈ ಪ್ಯಾಕೇಜಿಗೆ ಸೇರಿದ್ದಲ್ಲ. ಬಿಡುಗಡೆ ಮಾಡಿದೆ. ಈ ಪರೀಕ್ಷಕರು ಯಾರು, ಇಷ್ಟು ದಿನ ಎಲ್ಲಿದ್ದರು?"

ಹಕ್ಕಿ ಸಂಘದವರು ಬಂದಾಗ ಯಂತ್ರ ಕೊನೆಯ ಟೋಪಿಯ ಕೊಕ್ಕು ಹೊಲಿಯುತ್ತಿತ್ತು. ಅವರು ನಿಂತು ಕಾದು ಒಯ್ದರು. ಕಂಪ್ಯೂಟರ್ ಅಂಗಡಿಯವನಿಗೆ ಬೀಗಿತ್ತಿ, "ತಗೊಂಡು ಹೋಗಪ್ಪ, ಟೇಪು ಕಿತ್ತಿಲ್ಲ, ನೋಡ್ಕೋ," ಎಂದರು. ಡಬ್ಬ ಬಾಗಿಲು ದಾಟುವುದನ್ನು ಮಗಳು ಅಡ್ಡಗಣ್ಣಿನಿಂದ ನೋಡಿ, ಅಪ್ಪನ ಮುಂದೆ ಟೀ ಇಟ್ಟಳು. ಬೀಗಿತ್ತಿ ಮೇಜಿನಡಿಯಿಂದ, ಲೆಕ್ಕಕ್ಕೆ ಹೆಚ್ಚಾಗಿದ್ದರಿಂದ ಬಿಚ್ಚದೆ ಉಳಿಸಿದ್ದ ಒಂದೇ ಒಂದು ಬಾವಲಿ ಟೋಪಿ ತೆಗೆದು ಗಂಟಪ್ಪನ ತಲೆಗೆ ಇಟ್ಟರು.

"ತೂತು ಬಿದ್ದಿಲ್ಲವಲ್ಲ ಬೀಗಿತ್ತಿ?"

"ತೂತಿಗಲ್ಲ. ಮಾತಿಗೆ. ನಿಮ್ಮ ಮಾತು ವಾಪಸ್ ಕೊಡ್ತಿದ್ದೀನಿ. 'ಕೈ ಕೊಡಲ್ಲ' ಅನ್ನೋದು ಬೇಡ. ಇನ್ನು ಮೇಲೆ ಪಡಸಾಲೆಗೆ ಬರೋ ಮುಂಚೆ ನನಗೆ ತೋರಿಸಿ, ಅಷ್ಟು ಸಾಕು."

ಅಂದಿನಿಂದ ಬೀಗಿತ್ತಿಯ ಹೂಂ ಇಲ್ಲದೆ ಗಂಟಪ್ಪನ ಯಾವ ಗಂಟೂ ಹಿತ್ತಿಲು ದಾಟಿಲ್ಲ. ಅವರ ಹೂಂ ಸಿಗುವುದು ಎಷ್ಟು ಕಷ್ಟವೆಂದರೆ, ದೂರ ದೂರದ ಪ್ಯಾಕೇಜಿನವರೂ ತಮ್ಮ ಗಂಟನ್ನು ಅವರಿಗೆ ತೋರಿಸಲು ಹೆದರಿ ಮೊದಲೇ ಎರಡು ಸಲ ನೋಡಿಕೊಳ್ಳುತ್ತಾರಂತೆ.

ಮರುದಿನ ಗಂಟಪ್ಪ ಬಾವಲಿ ಟೋಪಿ ಹಾಕಿಕೊಂಡೇ ಅಂಗಡಿಯಲ್ಲಿ ಕೂತು, 'ಇರಲಿಬಿಡು' ಎಂಬ ಆ ಮೂಲೆಯನ್ನು ಒಂದೇ ಏಟಿಗೆ ಗುಡಿಸಿ ಹಾಕಿದ.

"ಅದು ಇದ್ದಾಗ ಎಲ್ಲಾ ಓಡ್ತಿತ್ತಲ್ರೀ," ಎಂದಳು ಹೊರಗಿನಿಂದ ಹೆಂಡತಿ.

"ಅದೇ ತೊಂದರೆ. ಇನ್ನು ಮೇಲೆ ನಮ್ಮ ಬಾಗಿಲಿಗೂ ಚಿಲಕ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ, ಬೆಳಗಿನಿಂದ ಕಂಪ್ಯೂಟರಿನಲ್ಲಿ ಹಾಡುತ್ತಿದ್ದ ಅವಳ ರೇಡಿಯೊ ಅರ್ಧ ಸಾಲಿನಲ್ಲಿ ನಿಂತುಹೋಯಿತು. ಅದೂ ಆ ಮೂಲೆಯ ಯಾವುದೋ ಹಳೆಯದನ್ನು ನಂಬಿಕೊಂಡಿತ್ತು. ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ.

ಅರ ಉಜ್ಜುವ ಸದ್ದೂ ನಿಂತಿತು. ಹೆಂಡತಿ ಸ್ಟೂಲಿನಿಂದ ಎದ್ದು, ಇಬ್ಬರು ಹಿಡಿಸದ ಅಂಗಡಿಯೊಳಗೆ ತಲೆ ತೂರಿಸಿದಳು.

"ರೀ, ಕಿವಿ ಹಿಂಡೋ ಹಕ್ಕು ಬೀಗಿತ್ತಿಗೆ ಮಾತ್ರನಾ, ನನಗೂ ಇದೆಯಾ?"

ಗಂಟಪ್ಪ ಟೋಪಿಯನ್ನು ಎರಡು ಕಿವಿ ಮುಚ್ಚುವ ಹಾಗೆ ಕೆಳಗೆಳೆದುಕೊಂಡು, ರೇಡಿಯೊದ ಗಂಟು ಬಿಚ್ಚಲು ಕೂತ.